ಬಲವಂತದ ಪರೀಕ್ಷೆ, ಭರವಸೆಯ ಪರೀಕ್ಷೆ

ಹಳೆಯ ಬಸ್ ನಿಲ್ದಾಣಗಳ ಗೋಡೆಗಳನ್ನು ನೋಡಿದವರಿಗೆಲ್ಲ ಒಂದು ಬಗೆಯ ಭಿತ್ತಿಪತ್ರ ಪರಿಚಿತ. ‘ಗುಪ್ತರೋಗ ತಜ್ಞರು’ ಎಂಬ ದಪ್ಪ ಅಕ್ಷರ, ಅದರ ಕೆಳಗೆ ಒಂದು ಲಾಡ್ಜಿನ ಹೆಸರು, ಕೋಣೆಯ ಸಂಖ್ಯೆ, ತಿಂಗಳಲ್ಲಿ ಅವರು ಸಿಗುವ ದಿನ. ಓದಿದ ಕಾಲೇಜು ಯಾವುದು, ಪಡೆದ ಪದವಿ ಯಾವುದು ಎಂಬ ವಿವರ ಇರುವುದು ಅಪರೂಪ. ಆದರೂ ಈ ‘ತಜ್ಞ’ರಿಗೆ ಗಿರಾಕಿಗಳ ಕೊರತೆಯಾದದ್ದಿಲ್ಲ. ಅದೇ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಪುಕ್ಕಟೆ ಸಿಗುತ್ತಿದ್ದರೂ ಮನುಷ್ಯ ಲಾಡ್ಜಿನ ಮೆಟ್ಟಿಲು ಹತ್ತುವುದೇಕೆ?

ಉತ್ತರ ಕಷ್ಟದ್ದಲ್ಲ. ಕಾಂಡೋಮ್ ಇಲ್ಲದೆ ನಡೆದ ಒಂದು ಸಂಬಂಧದ ನಂತರ ವ್ಯಕ್ತಿಯನ್ನು ಕಾಡುವ ಭಯ ಒಂದಲ್ಲ, ಎರಡು. ಮೊದಲನೆಯದು, ತನಗೆ ಸೋಂಕು ತಗಲಿದೆಯೇ ಎಂಬುದು. ಎರಡನೆಯದು, ಅದು ನಾಲ್ಕು ಜನಕ್ಕೆ ಗೊತ್ತಾದರೆ ಏನು ಗತಿ ಎಂಬುದು. ಮೊದಲ ಭಯಕ್ಕೆ ವಿಜ್ಞಾನ ಮದ್ದು ಕಂಡುಹಿಡಿದು ನೂರು ವರ್ಷ ದಾಟಿದೆ. ಆದರೆ ಎರಡನೆಯ ಭಯ ಆ ಮದ್ದಿನ ಬಾಗಿಲಲ್ಲೇ ಅಡ್ಡ ನಿಂತಿರುತ್ತದೆ. ಲೈಂಗಿಕ ರೋಗಗಳ ಪರೀಕ್ಷೆಯ ಚರಿತ್ರೆಯನ್ನು ತಿರುವಿ ನೋಡಿದರೆ, ಸರ್ಕಾರಗಳು ಈ ಎರಡನೆಯ ಭಯವನ್ನು ಹೇಗೆ ನಡೆಸಿಕೊಂಡವು ಎಂಬುದರ ಮೇಲೆಯೇ ಪರೀಕ್ಷೆಯ ಸೋಲು ಗೆಲುವು ನಿಂತದ್ದು ಕಾಣುತ್ತದೆ.

ಪರರ ರೋಗ

1495ರ ಸುಮಾರಿಗೆ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್‌ನ ಸೈನ್ಯ ಇಟಲಿಯ ನೇಪಲ್ಸ್ ನಗರವನ್ನು ಹಿಡಿದಾಗ ಸೈನಿಕರಲ್ಲಿ ಒಂದು ಭೀಕರ ಹುಣ್ಣಿನ ರೋಗ ಕಾಣಿಸಿಕೊಂಡಿತು. ಇಟಲಿಯವರು ಅದನ್ನು ಫ್ರೆಂಚರ ರೋಗ ಎಂದರು. ಫ್ರೆಂಚರು ನೇಪಲ್ಸಿನ ರೋಗ ಎಂದರು. 1530ರಲ್ಲಿ ವೆರೋನಾದ ವೈದ್ಯ ಫ್ರಕಾಸ್ಟೊರೊ ಬರೆದ ಲ್ಯಾಟಿನ್ ಕಾವ್ಯದ ಕುರಿಗಾಹಿಯೊಬ್ಬನ ಹೆಸರಿನಿಂದ ಅದಕ್ಕೆ ‘ಸಿಫಿಲಿಸ್’ ಎಂಬ ಹೆಸರು ಬಂತು. ಭಾರತಕ್ಕೆ ಅದು ಸಮುದ್ರದಾಚೆಯಿಂದ ಬಂದವರ ಜೊತೆ ಬಂತೆಂಬುದು ಇಲ್ಲಿನ ವೈದ್ಯರ ತಿಳಿವಳಿಕೆಯಾಗಿತ್ತು. ಹದಿನಾರನೆಯ ಶತಮಾನದ ಆಯುರ್ವೇದ ಗ್ರಂಥ ‘ಭಾವಪ್ರಕಾಶ’ ಅದನ್ನು ‘ಫಿರಂಗ ರೋಗ’ ಎಂದು ಕರೆದಿದೆ. ಕನ್ನಡದಲ್ಲಿ ಅದು ಪರಂಗಿ ಹುಣ್ಣಾಯಿತು. ಅದಕ್ಕೆ ಕೊಡುತ್ತಿದ್ದ ಬೇರು ಇಂದಿಗೂ ಗ್ರಂಥಿಗೆ ಅಂಗಡಿಗಳಲ್ಲಿ ಪರಂಗಿ ಚಕ್ಕೆಯೆಂದೇ ಮಾರಾಟವಾಗುತ್ತದೆ.

ರೋಗ ಯಾವಾಗಲೂ ಪರರದು, ನಮ್ಮದಲ್ಲ ಎಂಬ ಈ ಮನೋಭಾವ ಹೆಸರಿಗಷ್ಟೇ ನಿಲ್ಲಲಿಲ್ಲ. ‘ಪರರು’ ಯಾರು ಎಂದು ಗುರುತಿಸಿ, ಅವರನ್ನು ಹಿಡಿದು ಪರೀಕ್ಷಿಸಿದರೆ ಉಳಿದವರು ಸುರಕ್ಷಿತ ಎಂಬ ನಂಬಿಕೆಗೆ ಅದು ದಾರಿ ಮಾಡಿತು.

ದಂಡುಪ್ರದೇಶದ ಬೀಗದ ಆಸ್ಪತ್ರೆ

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಲೈಂಗಿಕ ರೋಗಗಳು ದೊಡ್ಡ ತಲೆನೋವಾಗಿದ್ದವು. ಬ್ರಿಟನ್ನಿನ ಸಂಸತ್ತು 1864, 1866 ಮತ್ತು 1869ರಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನುಗಳನ್ನು ತಂದಿತು. ಸೈನಿಕರು, ನಾವಿಕರು ಇರುವ ಊರುಗಳಲ್ಲಿ ವೇಶ್ಯೆಯೆಂದು ಪೊಲೀಸರಿಗೆ ಅನುಮಾನ ಬಂದ ಯಾವ ಹೆಣ್ಣನ್ನಾದರೂ ವೈದ್ಯಕೀಯ ತಪಾಸಣೆಗೆ ಒಳಪಡಿಸಬಹುದಾಗಿತ್ತು. ರೋಗವಿದೆಯೆಂದು ಕಂಡರೆ ಅವಳನ್ನು ಆಸ್ಪತ್ರೆಯಲ್ಲಿ ಕೂಡಿಹಾಕಬಹುದಾಗಿತ್ತು. ಭಾರತದಲ್ಲಿ 1864ರ ದಂಡುಪ್ರದೇಶಗಳ ಕಾನೂನು ಮತ್ತು 1868ರ ಭಾರತೀಯ ಸಾಂಕ್ರಾಮಿಕ ರೋಗಗಳ ಕಾನೂನು ಇದೇ ಕೆಲಸ ಮಾಡಿದವು.

ಮದ್ರಾಸ್ ಆಧಿಪತ್ಯದ ಸೈನ್ಯ ಬೀಡುಬಿಟ್ಟಿದ್ದ ಬೆಂಗಳೂರು ಮತ್ತು ಬಳ್ಳಾರಿ ದಂಡುಗಳಲ್ಲೂ ಇದಕ್ಕೆಂದೇ ‘ಲಾಕ್ ಹಾಸ್ಪಿಟಲ್’ಗಳಿದ್ದವು. 1747ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಒಂದು ಧರ್ಮಾಸ್ಪತ್ರೆಯಿಂದ ಬಂದ ಹೆಸರು ಅದು. ಆದರೆ ಭಾರತದ ದಂಡುಗಳಲ್ಲಿ ಆ ಹೆಸರಿನ ‘ಬೀಗ’ ನಿಜವಾಯಿತು. ಹೆಂಗಸರ ಹೆಸರನ್ನು ವಹಿಯಲ್ಲಿ ಬರೆದುಕೊಂಡು, ಚೀಟಿ ಕೊಟ್ಟು, ಗೊತ್ತಾದ ದಿನ ಬಂದು ತಪಾಸಣೆ ಮಾಡಿಸಿಕೊಳ್ಳಬೇಕೆಂದು ವಿಧಿಸಲಾಗಿತ್ತು. ತಪ್ಪಿದವರಿಗೆ ದಂಡ ಇಲ್ಲವೆ ಸೆರೆ. ಅವರ ಬಳಿಗೆ ಹೋಗುತ್ತಿದ್ದ ಸೈನಿಕರಿಗೆ ಮಾತ್ರ ಈ ಕಾನೂನು ಅನ್ವಯಿಸಲಿಲ್ಲ.

ಈ ತಪಾಸಣೆ ವೈದ್ಯಕೀಯವಾಗಿಯೂ ಪೊಳ್ಳಾಗಿತ್ತು. ಗನೋರಿಯಾದ ರೋಗಾಣುವನ್ನು ಆಲ್ಬರ್ಟ್ ನೈಸರ್ ಕಂಡುಹಿಡಿದದ್ದೇ 1879ರಲ್ಲಿ. ಸಿಫಿಲಿಸ್ಸಿನ ರೋಗಾಣು ಗೊತ್ತಾದದ್ದು 1905ರಲ್ಲಿ. ಅದಕ್ಕೆ ಮುಂಚೆ ವೈದ್ಯನ ಕಣ್ಣಿಗೆ ಬಿದ್ದ ಹುಣ್ಣೇ ಪರೀಕ್ಷೆ. ಸಿಫಿಲಿಸ್ಸಿನ ಮೊದಲ ಹುಣ್ಣು ನೋವಿಲ್ಲದೆ ಬಂದು ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ರೋಗ ಮಾತ್ರ ಒಳಗೆ ಉಳಿಯುತ್ತದೆ. ಹೆಂಗಸರಲ್ಲಿ ಗನೋರಿಯಾ ಎಷ್ಟೋ ವೇಳೆ ಯಾವ ಲಕ್ಷಣವನ್ನೂ ತೋರುವುದಿಲ್ಲ. ಹೀಗಾಗಿ ಸೋಂಕಿದ್ದವರು ‘ನಿರೋಗಿ’ಗಳೆಂದು ಹೊರಬಂದರು. ಬೇರೆ ಯಾವುದೋ ಹುಣ್ಣಿದ್ದವರು ಒಳಗೆ ಉಳಿದರು.

ಅದಕ್ಕಿಂತ ದೊಡ್ಡ ಸೋಲು ಇನ್ನೊಂದಿತ್ತು. ಹೆಸರು ಬರೆಸಿದವರಿಗಿಂತ ತಪ್ಪಿಸಿಕೊಂಡವರೇ ಹೆಚ್ಚು ಎಂಬ ದೂರು ಅಂದಿನ ಅಧಿಕಾರಿಗಳ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆಸ್ಪತ್ರೆಯೆಂದರೆ ಸೆರೆಮನೆ ಎಂದಾದ ಮೇಲೆ ರೋಗ ಬಂದವರು ಅಡಗಿಕೊಳ್ಳುವುದು ಸಹಜವಲ್ಲವೇ? ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ನಡೆಸಿದ ದೀರ್ಘ ಹೋರಾಟದ ಫಲವಾಗಿ ಅಲ್ಲಿನ ಕಾನೂನುಗಳು 1886ರಲ್ಲಿ ರದ್ದಾದವು. ಭಾರತದ ಕಾನೂನು 1888ರಲ್ಲಿ ಹೋಯಿತು.

ವಾಸರ್‌ಮನ್ ತಂದ ಬದಲಾವಣೆ

1906ರಲ್ಲಿ ಬರ್ಲಿನ್ನಿನ ವಿಜ್ಞಾನಿ ಆಗಸ್ಟ್ ಫಾನ್ ವಾಸರ್‌ಮನ್, ನೈಸರ್ ಮತ್ತು ಬ್ರುಕ್ ಅವರೊಡನೆ ಸೇರಿ ಸಿಫಿಲಿಸ್ಸಿಗೆ ರಕ್ತಪರೀಕ್ಷೆಯೊಂದನ್ನು ಪ್ರಕಟಿಸಿದರು. ರೋಗಾಣುವಿನ ವಿರುದ್ಧ ದೇಹ ಸಿದ್ಧಪಡಿಸುವ ಪ್ರತಿಕಾಯಗಳು ರಕ್ತದಲ್ಲಿವೆಯೇ ಎಂದು ಪರೋಕ್ಷವಾಗಿ ತಿಳಿಯುವ ವಿಧಾನ ಅದು. ಪ್ರನಾಳದಲ್ಲಿ ಕುರಿಯ ಕೆಂಪು ರಕ್ತಕಣಗಳು ಒಡೆದು ದ್ರವ ಕೆಂಪಾದರೆ ರೋಗವಿಲ್ಲ, ಕಣಗಳು ಒಡೆಯದೆ ತಳದಲ್ಲಿ ಕುಳಿತರೆ ರೋಗವಿದೆ ಎಂದು ಲೆಕ್ಕ. ಚರಿತ್ರೆಯಲ್ಲಿ ಮೊದಲ ಬಾರಿಗೆ, ಮೈಮೇಲೆ ಯಾವ ಗುರುತೂ ಇಲ್ಲದ ವ್ಯಕ್ತಿಯೊಬ್ಬ ತನ್ನೊಳಗಿನ ಸೋಂಕಿನ ಬಗ್ಗೆ ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಸಾಧ್ಯವಾಯಿತು. ನಾಲ್ಕೇ ವರ್ಷಗಳಲ್ಲಿ, 1910ರಲ್ಲಿ, ಪಾಲ್ ಎರ್‌ಲಿಖ್ ಮತ್ತು ಜಪಾನಿನ ಸಹಾಚಿರೊ ಹಾತ ಅವರ ಶ್ರಮದಿಂದ ‘ಸಾಲ್ವರ್ಸಾನ್’ ಎಂಬ ಔಷಧವೂ ಮಾರುಕಟ್ಟೆಗೆ ಬಂತು.

ಪರೀಕ್ಷೆ ಪರಿಪೂರ್ಣವಾಗಿರಲಿಲ್ಲ. ಅದಕ್ಕೆ ಮೊದಲು ಬಳಸಿದ್ದು ಸಿಫಿಲಿಸ್ಸಿನಿಂದ ಸತ್ತ ಭ್ರೂಣಗಳ ಯಕೃತ್ತಿನ ಸಾರ. ಸ್ವಲ್ಪ ಕಾಲದಲ್ಲೇ, ಆರೋಗ್ಯವಂತ ಎತ್ತಿನ ಹೃದಯದ ಸಾರ ಹಾಕಿದರೂ ಅದೇ ಫಲಿತಾಂಶ ಬರುವುದು ಗೊತ್ತಾಯಿತು. ಅಂದರೆ ಪರೀಕ್ಷೆ ಹಿಡಿಯುತ್ತಿದ್ದುದು ರೋಗಾಣುವಿನ ಪ್ರತಿಕಾಯವನ್ನಲ್ಲ, ಜೀವಕೋಶಗಳ ಒಂದು ಕೊಬ್ಬಿನ ಅಂಶಕ್ಕೆ ಪ್ರತಿಕ್ರಿಯಿಸುವ ಪ್ರತಿಕಾಯವನ್ನು. ಮಲೇರಿಯಾ, ಕುಷ್ಠ ಮೊದಲಾದ ಬೇರೆ ರೋಗಗಳಲ್ಲೂ ಅದು ‘ಇದೆ’ ಎಂದು ಹೇಳಿಬಿಡುತ್ತಿತ್ತು. ತಪ್ಪು ಊಹೆಯಿಂದ ಹೊರಟು ಉಪಯುಕ್ತ ಪರೀಕ್ಷೆಯೊಂದು ರೂಪುಗೊಂಡ ಈ ಕಥೆಯನ್ನೇ ಆಧರಿಸಿ ಪೋಲಿಷ್ ವೈದ್ಯ ಲುಡ್ವಿಕ್ ಫ್ಲೆಕ್, ವೈಜ್ಞಾನಿಕ ಸತ್ಯ ಹೇಗೆ ಹುಟ್ಟುತ್ತದೆ ಎಂಬ ಬಗ್ಗೆ 1935ರಲ್ಲಿ ಪ್ರಸಿದ್ಧ ಪುಸ್ತಕ ಬರೆದ. ಇಂದು ಆಸ್ಪತ್ರೆಗಳಲ್ಲಿ ಮಾಡುವ ವಿಡಿಆರ್‌ಎಲ್ ಪರೀಕ್ಷೆ ಈ ವಂಶದ್ದೇ, 1946ರಲ್ಲಿ ರೂಪುಗೊಂಡದ್ದು. ಆದ್ದರಿಂದಲೇ ಅದರಲ್ಲಿ ‘ಇದೆ’ ಎಂದು ಬಂದರೆ ಇನ್ನೊಂದು ಬಗೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಒಂದೇ ಕಾಗದ ನೋಡಿ ಕಂಗಾಲಾಗಬಾರದು ಎಂಬ ಮಾತಿಗೆ ನೂರು ವರ್ಷದ ಅನುಭವದ ಬೆಂಬಲವಿದೆ.

ಎರಡು ದೇಶ, ಎರಡು ದಾರಿ

ಕಾನೂನಿನ ಬಲವಂತವನ್ನು ಕಂಡಿದ್ದ ಬ್ರಿಟನ್, ಮೊದಲ ಮಹಾಯುದ್ಧದ ನಡುವೆ ಬೇರೆ ದಾರಿ ಹಿಡಿಯಿತು. 1913ರಲ್ಲಿ ನೇಮಕವಾದ ರಾಯಲ್ ಆಯೋಗ 1916ರಲ್ಲಿ ವರದಿ ಕೊಟ್ಟಿತು. ಪರೀಕ್ಷೆ ಮತ್ತು ಚಿಕಿತ್ಸೆ ಉಚಿತವಾಗಿರಬೇಕು, ಗುಟ್ಟಾಗಿರಬೇಕು, ಯಾರು ಬೇಕಾದರೂ ಸ್ವಂತ ಇಚ್ಛೆಯಿಂದ ಬರುವಂತಿರಬೇಕು ಎಂಬುದು ಅದರ ತಿರುಳು. ಅದೇ ವರ್ಷ ಸ್ಥಳೀಯ ಸಂಸ್ಥೆಗಳಿಗೆ ಇಂಥ ಚಿಕಿತ್ಸಾಲಯಗಳನ್ನು ತೆರೆಯುವ ಹೊಣೆ ಬಂತು. 1917ರ ಕಾನೂನು, ಅರ್ಹತೆಯಿಲ್ಲದವರು ಈ ರೋಗಗಳಿಗೆ ಚಿಕಿತ್ಸೆ ಕೊಡುವುದನ್ನೂ ಜಾಹೀರಾತು ಹಾಕುವುದನ್ನೂ ನಿಷೇಧಿಸಿತು. ಭಾರತದಲ್ಲಿ ಇಂಥ ಜಾಹೀರಾತುಗಳನ್ನು ತಡೆಯಲು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾನೂನು ಬಂತು. ಬಸ್ ನಿಲ್ದಾಣದ ಗೋಡೆಗಳು ಆ ಕಾನೂನನ್ನು ಎಷ್ಟು ಪಾಲಿಸಿದವೆಂಬುದು ಎಲ್ಲರಿಗೂ ಗೊತ್ತು.

ಅಮೆರಿಕದ ದಾರಿ ಬೇರೆಯಾಯಿತು. 1935ರಲ್ಲಿ ಕನೆಕ್ಟಿಕಟ್ ರಾಜ್ಯ ಮದುವೆಗೆ ಮುಂಚೆ ವಧೂವರರಿಬ್ಬರ ರಕ್ತಪರೀಕ್ಷೆಯನ್ನು ಕಡ್ಡಾಯ ಮಾಡಿತು. ಹೆಚ್ಚಿನ ರಾಜ್ಯಗಳು ಅದನ್ನೇ ಅನುಸರಿಸಿದವು. ಈ ಮಾರ್ಗದ ಫಲ ಏನೆಂಬುದಕ್ಕೆ ಸ್ಪಷ್ಟ ಲೆಕ್ಕ ಸಿಕ್ಕಿದ್ದು ಬಹುಕಾಲದ ನಂತರ, ಏಡ್ಸ್ ಕಾಲದಲ್ಲಿ. ಇಲಿನಾಯ್ ರಾಜ್ಯ 1988ರ ಜನವರಿಯಿಂದ ಮದುವೆಗೆ ಎಚ್‌ಐವಿ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಮೊದಲ ಆರು ತಿಂಗಳಲ್ಲಿ ಪರೀಕ್ಷೆಗೆ ಒಳಗಾದವರು 70,846 ಮಂದಿ. ಸೋಂಕು ಪತ್ತೆಯಾದದ್ದು 8 ಜನರಲ್ಲಿ. ಅದೇ ಅವಧಿಯಲ್ಲಿ ರಾಜ್ಯದಲ್ಲಿ ಮದುವೆಯ ಪರವಾನಗಿಗಳು ಶೇಕಡ 22.5ರಷ್ಟು ಕಡಿಮೆಯಾದವು. ಜೋಡಿಗಳು ಪಕ್ಕದ ರಾಜ್ಯಕ್ಕೆ ಹೋಗಿ ಮದುವೆಯಾಗತೊಡಗಿದವು! 1989ರಲ್ಲಿ ಆ ಕಾನೂನನ್ನು ಹಿಂತೆಗೆದುಕೊಳ್ಳಲಾಯಿತು.

ಪರೀಕ್ಷೆ ವಿಶ್ವಾಸವನ್ನೇ ಕೊಂದ ಉದಾಹರಣೆಯೂ ಆ ದೇಶದಲ್ಲೇ ಇದೆ. 1932ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆ ಬಡ ಕಪ್ಪು ಜನಾಂಗದ 600 ಗಂಡಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು. ಅವರಿಗೆ ರೋಗದ ಹೆಸರು ಹೇಳಲಿಲ್ಲ, ‘ಕೆಟ್ಟ ರಕ್ತ’ ಎಂದಷ್ಟೇ ಹೇಳಿದರು. 1943ರಲ್ಲಿ ಪೆನಿಸಿಲಿನ್ ಈ ರೋಗವನ್ನು ಗುಣಪಡಿಸುತ್ತದೆಂದು ಗೊತ್ತಾದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ರೋಗ ತಾನಾಗಿ ಹೇಗೆ ಬೆಳೆಯುತ್ತದೆಂದು ನೋಡುವುದೇ ಉದ್ದೇಶವಾಗಿತ್ತು. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆದ ಮೇಲೆ ಅದು ನಿಂತಿತು. 1997ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಆಗ ಆ ಗಂಡಸರಲ್ಲಿ ಬದುಕಿದ್ದವರು ಬೆರಳೆಣಿಕೆಯಷ್ಟು ಮಂದಿ.

ಏಡ್ಸ್ ಬಂದಾಗ

1981ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾದ ವರದಿಯೊಂದಿಗೆ ಏಡ್ಸ್‌ನ ಚರಿತ್ರೆ ಆರಂಭವಾಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಪತ್ತೆಯಾಯಿತು. 1985ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ‘ಎಲೈಸಾ’ ರಕ್ತಪರೀಕ್ಷೆಗೆ ಪರವಾನಗಿ ದೊರೆಯಿತು.

ಈ ಪರೀಕ್ಷೆಯನ್ನು ರೂಪಿಸಿದ್ದು ರಕ್ತನಿಧಿಗಳ ರಕ್ತವನ್ನು ಸೋಸುವುದಕ್ಕಾಗಿ. ಆಗ ಅಧಿಕಾರಿಗಳಿಗೆ ಒಂದು ಆತಂಕ ಹುಟ್ಟಿತು. ತಮಗೆ ಸೋಂಕಿದೆಯೇ ಎಂದು ಚಿಂತೆಯಲ್ಲಿರುವವರು, ಪುಕ್ಕಟೆ ಪರೀಕ್ಷೆಯಾಗುತ್ತದೆಂದು ರಕ್ತದಾನಕ್ಕೇ ಬಂದುಬಿಟ್ಟರೆ? ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಈ ‘ಗವಾಕ್ಷಿ ಅವಧಿ’ಯ ರಕ್ತ ಪರೀಕ್ಷೆಯನ್ನು ದಾಟಿ ರೋಗಿಯ ಮೈ ಸೇರಬಹುದು. ಆದ್ದರಿಂದ 1985ರಲ್ಲೇ ಬೇರೆ ಪರೀಕ್ಷಾ ಕೇಂದ್ರಗಳನ್ನು ತೆರೆಯಲಾಯಿತು. ಅಲ್ಲಿ ಹೆಸರು ಹೇಳದೆ, ಒಂದು ಸಂಖ್ಯೆಯ ಚೀಟಿ ಹಿಡಿದು ಪರೀಕ್ಷೆ ಮಾಡಿಸಿಕೊಳ್ಳಬಹುದಿತ್ತು. ಮನುಷ್ಯನ ಎರಡನೆಯ ಭಯಕ್ಕೆ ಗೌರವ ಕೊಡುವುದು ಉಳಿದ ಸಮಾಜದ ಸುರಕ್ಷತೆಗೂ ಅಗತ್ಯ ಎಂಬುದನ್ನು ಈ ವ್ಯವಸ್ಥೆ ಒಪ್ಪಿಕೊಂಡಿತ್ತು.

ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ನಿರ್ಮಲಾ ರಕ್ತದ ಮಾದರಿಗಳನ್ನು ಕೂಡಿಸಿ, ಮನೆಯ ಫ್ರಿಜ್‌ನಲ್ಲಿಟ್ಟು, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಕೊಂಡೊಯ್ದು ಪರೀಕ್ಷಿಸಿದರು. ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಅವು ಲೈಂಗಿಕ ವೃತ್ತಿಯ ಆರೋಪದ ಮೇಲೆ ಸರ್ಕಾರಿ ಗೃಹದಲ್ಲಿ ಇರಿಸಲಾಗಿದ್ದ ಹೆಂಗಸರ ರಕ್ತವಾಗಿತ್ತು. ದೇಶವನ್ನು ಎಚ್ಚರಿಸಿದ ಮಹತ್ವದ ಶೋಧ ಅದು. ಆದರೆ ಮುಂದಿನ ವರ್ಷಗಳಲ್ಲಿ ಹಳೆಯ ಬೀಗದ ಆಸ್ಪತ್ರೆಯ ಬುದ್ಧಿ ಮತ್ತೆ ತಲೆಯೆತ್ತಿತು. ಸೋಂಕು ಪತ್ತೆಯಾದ ಹೆಂಗಸರನ್ನು ಬಿಡುಗಡೆ ಮಾಡದೆ ಇಟ್ಟುಕೊಂಡ ಪ್ರಕರಣ ಮದ್ರಾಸ್ ಹೈಕೋರ್ಟಿನವರೆಗೆ ಹೋಗಬೇಕಾಯಿತು.

ನಮ್ಮ ನೆರೆಯ ಗೋವಾದಲ್ಲಿ ನಡೆದದ್ದು ಇನ್ನೂ ಪ್ರಸಿದ್ಧ. ಡಾಮಿನಿಕ್ ಡಿಸೋಜಾ ಎಂಬ ಯುವಕ ನಿಯತವಾಗಿ ರಕ್ತದಾನ ಮಾಡುತ್ತಿದ್ದವರು. 1989ರ ಫೆಬ್ರುವರಿ 14ರಂದು ಪೊಲೀಸರು ಅವರನ್ನು ಕರೆದೊಯ್ದರು. ದಾನ ಮಾಡಿದ್ದ ರಕ್ತದಲ್ಲಿ ಎಚ್‌ಐವಿ ಕಂಡಿತ್ತು; ಆ ಸಂಗತಿಯನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಗೋವಾದ ಸಾರ್ವಜನಿಕ ಆರೋಗ್ಯ ಕಾನೂನಿನ ಪ್ರಕಾರ ಅವರನ್ನು ಮಾಪುಸಾದಲ್ಲಿ, ಬಳಕೆಯಲ್ಲಿಲ್ಲದ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಒಂಟಿಯಾಗಿ ಇರಿಸಲಾಯಿತು. ತಾಯಿ ಲೂಸಿ ಡಿಸೋಜಾ ನ್ಯಾಯಾಲಯಕ್ಕೆ ಹೋದರು. ಹೈಕೋರ್ಟು ಸರ್ಕಾರದ ಅಧಿಕಾರವನ್ನೇ ಎತ್ತಿಹಿಡಿಯಿತು. ಕೆಲಸ ಕಳೆದುಕೊಂಡ ಡಾಮಿನಿಕ್, ಸೋಂಕಿತರ ನೆರವಿಗಾಗಿ ಒಂದು ಸಂಸ್ಥೆಯನ್ನು ಕಟ್ಟುವ ಕೆಲಸಕ್ಕೆ ಕೈಹಾಕಿ 1992ರಲ್ಲಿ ತೀರಿಕೊಂಡರು. ರಕ್ತ ಕೊಡಲು ಹೋದವನಿಗೆ ಹೀಗಾಗುತ್ತದೆಂದು ಗೊತ್ತಾದ ಊರಿನಲ್ಲಿ, ಅನುಮಾನ ಇದ್ದ ಯಾವನು ತಾನೇ ಪರೀಕ್ಷೆಗೆ ಹೋದಾನು?

ಬಾಗಿಲು ತೆರೆದ ಬಗೆ

ಎರಡು ಸಂಗತಿಗಳು ಈ ಸ್ಥಿತಿಯನ್ನು ಬದಲಿಸಿದವು. ಮೊದಲನೆಯದು ಚಿಕಿತ್ಸೆ. 1996ರ ಸುಮಾರಿಗೆ ಹಲವು ಔಷಧಗಳನ್ನು ಸೇರಿಸಿ ಕೊಡುವ ವಿಧಾನ ಬಂದು ಏಡ್ಸ್ ಸಾವುಗಳು ಇಳಿದವು. ಭಾರತದಲ್ಲಿ 2004ರ ಏಪ್ರಿಲ್‌ನಿಂದ ಸರ್ಕಾರಿ ಕೇಂದ್ರಗಳಲ್ಲಿ ಈ ಔಷಧ ಉಚಿತವಾಗಿ ಸಿಗತೊಡಗಿತು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ತಡವಿಲ್ಲದೆ ಔಷಧ ಕೊಡುವ ನೀತಿ ಜಾರಿಯಾಯಿತು. ಕ್ರಮವಾಗಿ ಔಷಧ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ತಗ್ಗಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂದು ಈಗ ಖಚಿತವಾಗಿದೆ. ‘ಇದೆ’ ಎಂಬ ಉತ್ತರ ಮರಣಪತ್ರವಾಗಿದ್ದ ಕಾಲ ಹೋಯಿತು.

ಎರಡನೆಯದು ಕಾನೂನು. 2017ರಲ್ಲಿ ಸಂಸತ್ತು ಅಂಗೀಕರಿಸಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾನೂನಿನ ಪ್ರಕಾರ, ವ್ಯಕ್ತಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಕಾನೂನೇ ಹೇಳುವ ಕೆಲವು ಸಂದರ್ಭಗಳನ್ನು ಬಿಟ್ಟರೆ ಫಲಿತಾಂಶವನ್ನು ಇನ್ನೊಬ್ಬರಿಗೆ ತಿಳಿಸುವಂತಿಲ್ಲ. ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆಗಳಲ್ಲಿ ಭೇದ ಮಾಡುವಂತಿಲ್ಲ. ಡಾಮಿನಿಕ್‌ಗೆ ದೊರೆಯದೆ ಹೋದ ರಕ್ಷಣೆ ಸುಮಾರು ಮೂರು ದಶಕಗಳ ನಂತರ ಬಂತು.

ಹಾಗಾದರೆ ಇಂದು ಚಿಂತೆಗೆ ಬಿದ್ದವರು ತಿಳಿದಿರಬೇಕಾದದ್ದೇನು? ಒಂದು ಬಾರಿಯ ಸಂಪರ್ಕದಿಂದ ಎಚ್‌ಐವಿ ತಗಲುವ ಸಂಭವ ಹೆಚ್ಚಿನವರು ಹೆದರುವಷ್ಟಿಲ್ಲ. ಚಿಕಿತ್ಸೆಯಲ್ಲಿಲ್ಲದ ಸೋಂಕಿತ ಪುರುಷನೊಡನೆ ಒಮ್ಮೆ ಕೂಡಿದ ಹೆಣ್ಣಿಗೆ ಅದು ಹತ್ತು ಸಾವಿರಕ್ಕೆ ಸುಮಾರು 8 ಎಂದು ಅಂದಾಜಿದೆ; ಗುದಸಂಭೋಗದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಆದರೆ ಸಣ್ಣ ಸಂಭವ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಸಂಪರ್ಕವಾಗಿ 72 ಗಂಟೆಗಳೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ವೈದ್ಯರನ್ನು ಕಂಡರೆ 28 ದಿನಗಳ ಮಾತ್ರೆಯಿಂದ ಸೋಂಕನ್ನು ತಡೆಯಲು ಸಾಧ್ಯವಿದೆ. ಮರುದಿನವೇ ಮಾಡಿಸಿದ ಪರೀಕ್ಷೆ ಆ ರಾತ್ರಿಯ ಬಗ್ಗೆ ಏನೂ ಹೇಳುವುದಿಲ್ಲ. ಪ್ರಯೋಗಾಲಯದ ಈಚಿನ ಎಚ್‌ಐವಿ ಪರೀಕ್ಷೆಗಳು ಸುಮಾರು ಆರು ವಾರಗಳಿಗೆ, ಬೆರಳ ಹನಿಯ ಪ್ರತಿಕಾಯ ಪರೀಕ್ಷೆ ಮೂರು ತಿಂಗಳಿಗೆ ನಂಬತಕ್ಕ ಉತ್ತರ ಕೊಡುತ್ತವೆ. ಸಿಫಿಲಿಸ್ಸಿಗೂ ಮೂರು ತಿಂಗಳಿಗೆ ಮತ್ತೊಮ್ಮೆ ನೋಡುವುದು ಕ್ಷೇಮ. ಗನೋರಿಯಾ, ಕ್ಲಮಿಡಿಯಾಗಳನ್ನು ಎರಡು ವಾರಗಳ ನಂತರ ಪತ್ತೆ ಮಾಡಬಹುದು. ಎಚ್‌ಐವಿಯೊಂದನ್ನೇ ನೆನೆದು ಇವುಗಳನ್ನು ಮರೆಯುವುದು ಸಾಮಾನ್ಯ ತಪ್ಪು. ಇವು ಔಷಧದಿಂದ ಪೂರ್ತಿ ವಾಸಿಯಾಗುವಂಥವು. ಬಿಟ್ಟರೆ ಹೆಂಗಸರಲ್ಲಿ ಬಂಜೆತನಕ್ಕೂ, ಸಿಫಿಲಿಸ್ ಆದರೆ ಹುಟ್ಟುವ ಮಗುವಿನ ಪ್ರಾಣಕ್ಕೂ ಎರವಾಗುವಂಥವು.

ಇಂಥ ಪರೀಕ್ಷೆಯ ಸುತ್ತಲಿನ ನಂಬಿಕೆ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ಬೆಂಗಳೂರು ದಂಡಿನಲ್ಲಿ ಹೆಂಗಸರನ್ನು ಪೊಲೀಸರ ಕಾವಲಿನಲ್ಲಿ ತಪಾಸಣೆಗೆ ನಡೆಸಿದ ಕಾಲದಿಂದ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 2005ರಲ್ಲಿ, ಮೈಸೂರಿನಲ್ಲಿ ಲೈಂಗಿಕ ವೃತ್ತಿಯಲ್ಲಿರುವವರೇ ಸೇರಿ ‘ಆಶೋದಯ ಸಮಿತಿ’ಯನ್ನು ಕಟ್ಟಿಕೊಂಡರು. ತಮ್ಮ ಜೊತೆಗಾರರಿಗೆ ವಿಷಯ ತಿಳಿಸಿ, ಕ್ಲಿನಿಕ್‌ಗೆ ಕರೆದುಕೊಂಡು ಹೋಗುವ ಕೆಲಸವನ್ನು ಅವರೇ ವಹಿಸಿಕೊಂಡರು. ಒಂದು ಕಾಲದಲ್ಲಿ ಯಾರನ್ನು ‘ಪರರು’ ಎಂದು ಹಿಡಿದು ಕೂಡಿಹಾಕಲಾಗಿತ್ತೋ ಅಂಥವರೇ ಪರೀಕ್ಷೆಯ ಬಾಗಿಲಲ್ಲಿ ನಿಂತು ಇತರರನ್ನು ಒಳಗೆ ಕರೆದರು.

ಜಿಲ್ಲಾ ಆಸ್ಪತ್ರೆಗಳ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಲ್ಲವೂ ಸರಿಯಿದೆಯೆಂದು ಹೇಳಲಾಗದು. ಸಾಲಿನಲ್ಲಿ ಪರಿಚಿತರು ಸಿಕ್ಕಿಯಾರೆಂಬ ಅಳುಕು, ಸಿಬ್ಬಂದಿ ಒರಟಾಗಿ ಮಾತಾಡಿಯಾರೆಂಬ ಹಿಂಜರಿಕೆ ಇನ್ನೂ ಇದೆ. ಕಾನೂನು ಪುಸ್ತಕದಲ್ಲಿರುವ ಗುಟ್ಟು ಕಿಟಕಿಯ ಬಳಿ ಉಳಿಯುವುದು ಅಲ್ಲಿ ಕುಳಿತ ಮನುಷ್ಯನ ಸೌಜನ್ಯದಿಂದ. ಆ ಸೌಜನ್ಯ ತಪ್ಪಿದ ದಿನ, ಚಿಂತೆ ಹೊತ್ತು ಬಂದವನು ಹಿಂತಿರುಗಿ ಹೋಗುವುದು ಬಸ್ ನಿಲ್ದಾಣದ ಗೋಡೆಯ ಕಡೆಗೇ. ಒಬ್ಬನೇ ಹೋದಂತೆ ಕಂಡರೂ, ಅವನ ಹಿಂದೆ ಮನೆಯಲ್ಲಿ ಏನೂ ತಿಳಿಯದ ಹೆಂಡತಿ ಇರುತ್ತಾಳೆ.